ಹನ್ನೊಂದನೇ ಕಾಲಂನ ಒಂದು ಸಾಲು: ಮಿಲಿಟರಿ ಜಾಗ ಪಾರ್ಕ್ ಆದ ಒಂದು ಪ್ರಕರಣ

ಬಳ್ಳಾರಿಯ ಕಂಟೋನ್ಮೆಂಟ್ ಕಡೆ ಬೆಳಿಗ್ಗೆ ವಾಕಿಂಗ್ ಹೋಗುವ ನಮ್ಮದೊಂದು ಗುಂಪಿದೆ. ಏಳೆಂಟು ಜನ, ಎಲ್ಲರೂ ರಿಟೈರ್ ಆದವರೇ. ಬಿಸಿಲು ಏರುವ ಮೊದಲೇ ನಡಿಗೆ ಮುಗಿಸಬೇಕು, ನಮ್ಮೂರಿನ ಬಿಸಿಲು ಗೊತ್ತಲ್ಲ. ಮುಗಿದ ಮೇಲೆ ಒಗ್ಗರಣೆ, ಮಿರ್ಚಿ, ಚಹಾ. ನಡೆದು ಕರಗಿಸಿದ್ದನ್ನು ಅಲ್ಲೇ ವಾಪಸ್ ತುಂಬಿಕೊಂಡು ಮನೆಗೆ ಹೋಗುತ್ತೇವೆ.

ನಾವು ನಡೆಯುವ ದಾರಿಯಲ್ಲಿ ಒಂದು ಖಾಲಿ ಜಾಗ ಇದೆ. ಅರ್ಧ ಬಿದ್ದ ಕಾಂಪೌಂಡು, ಒಳಗೆ ಬರೀ ಬಳ್ಳಾರಿ ಜಾಲಿ. ‘ಮಿಲಿಟರಿ ಜಾಗ’ ಅಂತಲೇ ಎಲ್ಲರೂ ಕರೆಯುವುದು. ಆದರೆ ಅಲ್ಲಿ ಮಿಲಿಟರಿಯವರನ್ನು ಕಣ್ಣಾರೆ ಕಂಡವರು ನಮ್ಮ ಗುಂಪಿನಲ್ಲಿ ಒಬ್ಬರೂ ಇಲ್ಲ. ಹೋದ ವರ್ಷ ಗುಂಪಿನ ಮೇಷ್ಟ್ರು ಒಂದು ಮನವಿ ಬರೆದು ತಂದರು. ‘ಸದರಿ ಜಾಗವನ್ನು ಸಾರ್ವಜನಿಕ ಉದ್ಯಾನವನವನ್ನಾಗಿ ಮಾಡಿಕೊಡಬೇಕಾಗಿ ವಿನಂತಿ.’ ಎಲ್ಲರೂ ಸಹಿ ಹಾಕಿದರು. ನನ್ನ ಸರದಿ ಬಂದಾಗ ನಾನು ಪೆನ್ನು ಹಿಡಿದುಕೊಂಡು ಸುಮ್ನೆ ಕೂತೆ. 30ಕ್ಕೂ ಹೆಚ್ಚು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಸಿದವನು ನಾನು. ಅಳತೆ ಇಲ್ಲದ ಕಾಗದಕ್ಕೆ ಸಹಿ ಹಾಕಲು ಕೈ ಬರುವುದಿಲ್ಲ.

“ಯಾರ ಹೆಸರಲ್ಲಿ ಐತ್ರೀ ಮೇಷ್ಟ್ರೇ ಈ ಜಾಗ? ಎಷ್ಟು ಎಕರೆ?”

“ನೀವು ಸುಮ್ನೆ ಸಹಿ ಹಾಕ್ರೀ. ಅಳತಿ ಆಮೇಲೆ ನೋಡಿಕೊಂಡ್ರಾತು.”

ನಾನು ಹಾಕಲಿಲ್ಲ. ಮೇಷ್ಟ್ರಿಗೆ ಸ್ವಲ್ಪ ಬೇಜಾರಾಯಿತು. ಅದಕ್ಕೇ ಅವರಿಗೆ ಒಂದು ಮಾತು ಕೊಟ್ಟೆ. ಅಮೆರಿಕದಲ್ಲಿ ಇಂಥದ್ದೇ ಒಂದು ಜಾಗ ನೋಡಿ ಬಂದಿದ್ದೇನೆ. ಅದು ಮಿಲಿಟರಿ ಕೈಯಿಂದ ಜನರ ಕೈಗೆ ಹೇಗೆ ಬಂತು, ಎಲ್ಲಿ ಸರಿ ಹೋಯಿತು, ಎಲ್ಲಿ ಎಡವಿದರು ಅಂತ ಪೂರ್ತಿ ಬರೆದು ಕೊಡುತ್ತೇನೆ, ಓದಿದ ಮೇಲೆ ಮನವಿ ತಿದ್ದೋಣ ಅಂದೆ. ಆ ಬರಹ ಇದು.

ಜಾಗ ಮೊದಲು ಏನಾಗಿತ್ತು

ಮಗಳು, ಅಳಿಯ ಇರುವುದು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ. ಒಂದು ಭಾನುವಾರ ಮಗಳು ಕ್ರಿಸ್ಸಿ ಫೀಲ್ಡ್ ಎಂಬ ಪಾರ್ಕಿಗೆ ಕರೆದುಕೊಂಡು ಹೋದಳು. ಜುಲೈ ತಿಂಗಳು. ಬೇಸಿಗೆ ಅಲ್ವಾ ಅಂತ ನಾನು ಅರ್ಧ ತೋಳಿನ ಅಂಗಿ ಹಾಕಿಕೊಂಡು ಹೋಗಿದ್ದೆ. ಸಮುದ್ರದ ಕಡೆಯಿಂದ ಮಂಜು ಉರುಳಿಕೊಂಡು ಬಂತು, ಗಾಳಿ ಕಿವಿಗೆ ಹೊಡೆಯಿತು. ಕೊನೆಗೆ ಮಗಳ ಶಾಲು ಹೊದ್ದುಕೊಂಡೇ ಪಾರ್ಕ್ ನೋಡಿದೆ.

ಮೊದಲ ನೋಟಕ್ಕೆ ನನಗೆ ನಿರಾಸೆಯೇ ಆಯಿತು. ಕಾರಂಜಿ ಇಲ್ಲ, ಹೂವಿನ ಪಾತಿ ಇಲ್ಲ, ಆನೆ ಆಕಾರಕ್ಕೆ ಕತ್ತರಿಸಿದ ಗಿಡ ಇಲ್ಲ. ಒಂದು ಕಡೆ ಮರಳು ದಂಡೆ, ಅದರಾಚೆ ಗೋಲ್ಡನ್ ಗೇಟ್ ಸೇತುವೆ. ಇನ್ನೊಂದು ಕಡೆ ದೊಡ್ಡ ಹುಲ್ಲುಗಾವಲು, ಕೆರೆಯಂಥ ಒಂದು ನೀರು, ಉದ್ದಕ್ಕೂ ಒಂದು ನಡೆಯುವ ದಾರಿ. ಅಷ್ಟೇ. “ಇದನ್ನು ನೋಡೋಕೆ ಇಷ್ಟು ದೂರ ಬಂದ್ವಾ?” ಅಂದೆ. “ಅಪ್ಪಾ, 30 ವರ್ಷದ ಹಿಂದೆ ಇಲ್ಲಿ ಡಾಂಬರು, ತಂತಿ ಬೇಲಿ ಬಿಟ್ಟರೆ ಏನೂ ಇರಲಿಲ್ಲವಂತೆ. ಈ ನೀರನ್ನೂ ಮನುಷ್ಯರೇ ವಾಪಸ್ ತಂದದ್ದು” ಅಂದಳು. ಆಗ ನನ್ನೊಳಗಿನ ಸರ್ವೆಯವನು ಎದ್ದು ಕೂತ.

ಕ್ರಿಸ್ಸಿ ಫೀಲ್ಡ್ ಒಂದು ದೊಡ್ಡ ಮಿಲಿಟರಿ ನೆಲೆಯ ದಂಡೆ ಭಾಗ. ಆ ನೆಲೆಯ ಹೆಸರು ಪ್ರೆಸಿಡಿಯೊ, ಸುಮಾರು 1,500 ಎಕರೆ. 1776ರಲ್ಲಿ ಸ್ಪೇನಿನವರು ಅಲ್ಲಿ ಠಾಣೆ ಹಾಕಿದರು. ಆಮೇಲೆ ಅದು ಮೆಕ್ಸಿಕೊ ಕೈಗೆ ಹೋಯಿತು. 1840ರ ದಶಕದಲ್ಲಿ ಅಮೆರಿಕದ ಸೈನ್ಯ ಬಂದು ಕೂತದ್ದು 1994ರವರೆಗೂ ಏಳಲಿಲ್ಲ. ಮೂರು ಸರ್ಕಾರ, ಒಂದೇ ದಂಡು ಜಾಗ. ನಮಗೆ ಇದೇನು ಹೊಸದಲ್ಲ ಬಿಡಿ. ಹೈದರಾಲಿ, ನಿಜಾಮ, 1800ರಲ್ಲಿ ಕಂಪನಿ ಸರ್ಕಾರ. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಗುಡಾರ ಹೊಡೆದರು. ದಂಡಿಗೆ ಸಾಮಾನು ಒದಗಿಸುವ ಪೇಟೆಯಾಗಿ ಬೆಳೆದ ಕೌಲ್ ಬಜಾರ್ ಇವತ್ತಿಗೂ ಇದೆ, ಕಂಟೋನ್ಮೆಂಟ್ ಹೆಸರಿನ ರೈಲ್ವೆ ಸ್ಟೇಷನ್ನೂ ಇದೆ.

ಅವರೆಲ್ಲರಿಗಿಂತ ಮುಂಚೆ ಆ ದಂಡೆ ಉಪ್ಪುನೀರಿನ ಜೌಗು ನೆಲ. ಉಬ್ಬರ ಬಂದಾಗ ನೀರು ಒಳಗೆ, ಇಳಿತದಲ್ಲಿ ಹೊರಗೆ. ಓಲೋನಿ ಎಂಬ ಮೂಲನಿವಾಸಿಗಳು ಅಲ್ಲಿ ಚಿಪ್ಪುಜೀವಿ, ಮೀನು ಹಿಡಿದು ಬದುಕುತ್ತಿದ್ದರು. ಸೈನ್ಯದವರ ಕಣ್ಣಿಗೆ ಜೌಗು ಅಂದರೆ ವ್ಯರ್ಥ ಜಾಗ. ಹಂತ ಹಂತವಾಗಿ ಮಣ್ಣು, ಕಸ ತುಂಬುತ್ತಾ ಬಂದರು. 1915ರಲ್ಲಿ ಆ ಊರಲ್ಲಿ ಪನಾಮ ಕಾಲುವೆ ಮುಗಿದ ಖುಷಿಗೆ ಒಂದು ಭಾರಿ ಜಾಗತಿಕ ವಸ್ತು ಪ್ರದರ್ಶನ ನಡೆಯಿತು. ಅದಕ್ಕಾಗಿ ಉಳಿದ ಜೌಗನ್ನೂ ಮುಚ್ಚಿ ಸಪಾಟು ಮಾಡಿದರು, ರೇಸ್ ಟ್ರ್ಯಾಕ್ ಹಾಕಿದರು.

ಪ್ರದರ್ಶನ ಮುಗಿದು ಡೇರೆ ಎತ್ತಿದ ಮೇಲೆ ಆ ರೇಸ್ ಟ್ರ್ಯಾಕಿನ ನಡುವಿನ ಹುಲ್ಲು ನೋಡಿ ಸೈನ್ಯದವರಿಗೆ ವಿಮಾನ ನೆನಪಾಯಿತು. 1921ರ ಹೊತ್ತಿಗೆ ಅದು ಪೂರ್ಣ ಪ್ರಮಾಣದ ವಿಮಾನ ನೆಲೆ. 1919ರ ವಿಮಾನ ಓಟವೊಂದರಲ್ಲಿ ಅಪಘಾತವಾಗಿ ಸತ್ತ ಮೇಜರ್ ಡೇನಾ ಕ್ರಿಸ್ಸಿ ಎಂಬವರ ಹೆಸರನ್ನು ಅದಕ್ಕೆ ಇಟ್ಟರು. 1924ರಲ್ಲಿ ರಸೆಲ್ ಮಾನ್ ಎಂಬ ಪೈಲಟ್ ನಸುಕಿಗೆ ಆ ತುದಿಯ ನ್ಯೂಯಾರ್ಕ್ ಬಿಟ್ಟು, ಕತ್ತಲಾಗುವಾಗ ಇಲ್ಲಿ ಬಂದು ಇಳಿದ. ಒಂದೇ ಹಗಲಲ್ಲಿ ದೇಶ ದಾಟಿದ ಮೊದಲ ಹಾರಾಟ ಅದು. ಆದರೆ ನಾನು ಅನುಭವಿಸಿದ ಆ ಮಂಜು, ಆ ಗಾಳಿ ಪೈಲಟ್‌ಗಳಿಗೂ ತಪ್ಪಿದ್ದಲ್ಲ. 1930ರ ದಶಕದಲ್ಲಿ ಮುಖ್ಯ ಹಾರಾಟ ಬೇರೆ ಕಡೆ ಹೋಯಿತು, 1937ರಲ್ಲಿ ಪಕ್ಕದಲ್ಲೇ ಸೇತುವೆ ಎದ್ದು ನಿಂತಿತು. 1974ಕ್ಕೆ ಸಾಮಾನ್ಯ ವಿಮಾನ ಇಳಿಯುವುದು ಪೂರ್ತಿ ನಿಂತಿತು. ಅಲ್ಲಿಂದ ಮುಂದೆ ಅದೊಂದು ಸಾಮಾನು ರಾಶಿ ಹಾಕುವ ಅಂಗಳ.

1972ರ ಆ ಸಾಲು

ಈಗ ಈ ಪ್ರಕರಣದ ತಿರುಳಿಗೆ ಬರುತ್ತೇನೆ.

ನಮ್ಮ ಪಹಣಿ ನೋಡಿದವರಿಗೆ ಗೊತ್ತು, 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು ಇರುತ್ತದೆ. ಎಲ್ಲರೂ ನೋಡುವುದು ಅದನ್ನೇ. 11ನೇ ಕಾಲಂ ಯಾರೂ ಸರಿಯಾಗಿ ಓದುವುದಿಲ್ಲ. ಇತರೆ ಹಕ್ಕು, ಋಣ ಎಲ್ಲ ಬರುವುದು ಅಲ್ಲಿ. ಬ್ಯಾಂಕಿನ ಸಾಲ ಇದ್ದರೆ ಅಲ್ಲಿ, ಇನ್ನೊಬ್ಬರಿಗೆ ಹಕ್ಕು ಇದ್ದರೆ ಅಲ್ಲಿ. ಜಮೀನು ಕೊಂಡ ಮೇಲೆ ಆ ಕಾಲಂ ನೋಡಿ ತಲೆ ಮೇಲೆ ಕೈ ಹೊತ್ತು ಕೂತವರನ್ನು ನಾನು ಎಷ್ಟೋ ಜನ ನೋಡಿದ್ದೇನೆ.

1972ರಲ್ಲಿ ಫಿಲಿಪ್ ಬರ್ಟನ್ ಎಂಬ ಸಂಸದ ಹೆಚ್ಚುಕಡಿಮೆ ಅದೇ ಕೆಲಸ ಮಾಡಿದ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ದಂಡೆ, ಬೆಟ್ಟ ಸೇರಿಸಿ ಒಂದು ರಾಷ್ಟ್ರೀಯ ಉದ್ಯಾನ ಮಾಡುವ ಕಾನೂನು ಬಂತು. ಆ ಕಾನೂನಿನಲ್ಲಿ ಬರ್ಟನ್ ಒಂದು ಸಾಲು ಸೇರಿಸಿದ: ಮುಂದೊಂದು ದಿನ ಸೈನ್ಯಕ್ಕೆ ಪ್ರೆಸಿಡಿಯೊ ಬೇಡವಾದರೆ, ಅದು ನೇರವಾಗಿ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಸೇರಬೇಕು. ಆಗ ಸೈನ್ಯ ಬಿಟ್ಟುಹೋಗುವ ಮಾತೇ ಇರಲಿಲ್ಲ. ಯಾರ ಜೇಬಿನಿಂದಲೂ ದುಡ್ಡು ಹೋಗುತ್ತಿರಲಿಲ್ಲ. ಹಾಗಾಗಿ ಆ ಸಾಲಿಗೆ ಜೋರು ವಿರೋಧ ಮಾಡುವವರೂ ಇರಲಿಲ್ಲ ಅಂತ ನನ್ನ ಊಹೆ.

ಅಲ್ಲಿಂದ 16 ವರ್ಷ ಆ ಸಾಲು ಸುಮ್ನೆ ಕಾಗದದಲ್ಲಿ ಮಲಗಿತ್ತು. 1988ರಲ್ಲಿ ಖರ್ಚು ಕಡಿಮೆ ಮಾಡಲು ಬೇಡದ ಸೇನಾ ನೆಲೆಗಳನ್ನು ಮುಚ್ಚುವ ಪಟ್ಟಿ ತಯಾರಾಯಿತು. ಪಟ್ಟಿಯಲ್ಲಿ ಪ್ರೆಸಿಡಿಯೊ ಇತ್ತು! ಸಮುದ್ರದ ಪಕ್ಕ, ಪಟ್ಟಣದ ಒಳಗೆ, ಸೇತುವೆಯ ಬುಡದಲ್ಲಿ 1,500 ಎಕರೆ. ಅಂಥ ಜಾಗ ಬಯಲಿಗೆ ಬಿದ್ದರೆ ಯಾರ ಬಾಯಲ್ಲಿ ನೀರು ಬರುವುದಿಲ್ಲ ಹೇಳಿ. ಆದರೆ ಅದು ಬಯಲಿಗೆ ಬೀಳಲೇ ಇಲ್ಲ. ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ 16 ವರ್ಷದ ಹಿಂದೆಯೇ ಬರೆದಿಟ್ಟಿತ್ತು. ಬರ್ಟನ್ ಅಷ್ಟರಲ್ಲಿ ತೀರಿಹೋಗಿದ್ದ. 1994ರ ಅಕ್ಟೋಬರ್ 1ರಂದು ಜಾಗ ಉದ್ಯಾನ ಇಲಾಖೆಗೆ ಹಸ್ತಾಂತರವಾಯಿತು.

ಅಕ್ಟೋಬರ್ 1 ಅಂದಾಗ ನನಗೆ ನಗು ಬಂತು. 1953ರ ಅಕ್ಟೋಬರ್ 1ರಂದೇ ನಮ್ಮ ಬಳ್ಳಾರಿ ಮದರಾಸು ಬಿಟ್ಟು ಮೈಸೂರಿಗೆ ಸೇರಿದ್ದು. ಸುಮ್ನೆ ಕಾಕತಾಳೀಯ, ಅಷ್ಟೇ. ಆದರೆ ಆಡಳಿತ ಬದಲಾದಾಗ ಕಾಗದಗಳ ಗತಿ ಏನಾಗುತ್ತದೆ ಅಂತ ನಮ್ಮ ಹಳೇ ಸರ್ವೆಯವರನ್ನು ಕೇಳಿ, ಕಥೆ ಕಥೆ ಹೇಳುತ್ತಾರೆ.

ನೆಲದ ಕೆಳಗೆ ಇದ್ದದ್ದು

ಜಾಗ ಕೈಗೆ ಬಂತು, ಇನ್ನೇನು ಗಿಡ ನೆಡುವುದು ಅಂದುಕೊಂಡರೆ ತಪ್ಪು. ಮಿಲಿಟರಿ ಇದ್ದ ನೆಲ ಅಂದರೆ ಎಣ್ಣೆ ಟ್ಯಾಂಕು, ಪೆಟ್ರೋಲ್ ಪೈಪು, ಬಣ್ಣದ ಡಬ್ಬಿ, ಹಳೇ ಕಸದ ಗುಂಡಿ, ಎಲ್ಲ ಕೆಳಗೇ ಇರುತ್ತದೆ. ಮೇಲೆ ಹುಲ್ಲು ಹಾಸಿ ಉದ್ಘಾಟನೆ ಮಾಡಿದರೆ ಫೋಟೊ ಚೆನ್ನಾಗಿ ಬರುತ್ತದೆ, ಮಕ್ಕಳು ಆಡುವುದು ವಿಷದ ಮೇಲೆ.

ಕ್ರಿಸ್ಸಿ ಫೀಲ್ಡಿನ 100 ಎಕರೆಯಿಂದ ಸುಮಾರು 87,000 ಟನ್ ಅಪಾಯಕಾರಿ ವಸ್ತು ಹೊರಗೆ ಹೋಯಿತು. ಈ ಅಂಕಿ ನಮ್ಮ ಗುಂಪಿನವರಿಗೆ ಬೇಗ ಅರ್ಥವಾಗುತ್ತದೆ. ಅದಿರು ಲಾರಿಗಳ ಧೂಳು ಕುಡಿದವರಲ್ಲವೇ ನಾವು. ಲೋಡಿಗೆ 10 ಟನ್ ಹಿಡಿದರೂ 8,700 ಲೋಡು. ಒಂದರ ಹಿಂದೆ ಒಂದು ನಿಲ್ಲಿಸಿದರೆ ಎಲ್ಲಿಯವರೆಗೆ ಬರುತ್ತದೆ, ನೀವೇ ಲೆಕ್ಕ ಹಾಕಿ.

ಪ್ರೆಸಿಡಿಯೊದ ಉಳಿದ ಭಾಗ ಸ್ವಚ್ಛ ಮಾಡುವವರು ಯಾರು ಎಂಬ ಜಗ್ಗಾಟ ಬೇರೆ ನಡೆಯಿತು. 1999ರಲ್ಲಿ ಒಪ್ಪಂದವಾಗಿ, ಸೈನ್ಯ ಆ ಕೆಲಸಕ್ಕೆ ಹತ್ತಿರ ಹತ್ತಿರ 10 ಕೋಟಿ ಡಾಲರ್ ಕೊಟ್ಟಿತು. ಹೊಲಸು ಮಾಡಿದವರೇ ತೊಳೆಯುವ ದುಡ್ಡು ಕೊಟ್ಟರು. ಮನವಿಯಲ್ಲಿ ಈ ವಿಷಯಕ್ಕೂ ಒಂದು ಸಾಲು ಇರಲಿ ಮೇಷ್ಟ್ರೇ.

ನೆಲದ ಮೇಲಿನದ್ದೂ ಒಂದು ಕಥೆ. 1880ರ ದಶಕದಲ್ಲಿ ಸೈನ್ಯದವರು ಬೋಳು ಗುಡ್ಡಗಳ ಮೇಲೆ ಸಾಲುಸಾಲಾಗಿ ನೀಲಗಿರಿ ಮತ್ತು ಬೇರೆ ಮರ ನೆಟ್ಟಿದ್ದರು. ನೀಲಗಿರಿ ಆಸ್ಟ್ರೇಲಿಯಾದ್ದು. ದಂಡೆಯ ಮರಳು ಹಿಡಿದು ನಿಲ್ಲಲಿ ಅಂತ ಹಾಕಿದ ದಪ್ಪ ಎಲೆಯ ಬಳ್ಳಿಯೊಂದು ದಂಡೆಯನ್ನೆಲ್ಲ ನುಂಗಿತ್ತು, ಅದರ ಮೂಲ ದಕ್ಷಿಣ ಆಫ್ರಿಕ. ಇಲ್ಲಿ ನಮ್ಮ ಜಾಗದ ತುಂಬ ಇರುವ ಜಾಲಿ? ಅದಕ್ಕೆ ಊರೂರಲ್ಲಿ ನಮ್ಮ ಹೆಸರೇ ಇಟ್ಟು ‘ಬಳ್ಳಾರಿ ಜಾಲಿ’ ಅಂತಾರೆ, ಆದರೆ ಅದು ಹುಟ್ಟಿದ್ದು ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆ. ಅವರ ಕಡೆಯ ಗಿಡ ನಮ್ಮ ಹೆಸರು ಹೊತ್ತು ತಿರುಗುತ್ತಿದೆ! ಒಂದು ಸಲ ಕಡಿದರೆ ನಾಲ್ಕು ಕವಲು ಒಡೆಯುವ ಗಿಡ ಅದು. ಜೆಸಿಬಿ ತಂದು ಒಂದು ದಿನ ಬಳಿದರೆ ಮುಗಿಯಿತು ಅಂತ ನಮ್ಮವರು ಅಂದುಕೊಂಡಿದ್ದಾರೆ. ಬೇರು ಉಳಿದರೆ ಮುಂದಿನ ಮಳೆಗೆ ಮತ್ತೆ ಹಾಜರ್.

ಕ್ರಿಸ್ಸಿ ಫೀಲ್ಡಿನಲ್ಲಿ ಪರದೇಶಿ ಬಳ್ಳಿ ಕಿತ್ತು, ಆ ಸುತ್ತಲಲ್ಲೇ ಅಲ್ಪಸ್ವಲ್ಪ ಉಳಿದಿದ್ದ ನಾಡು ಗಿಡಗಳಿಂದ ಬೀಜ ಆರಿಸಿ ಸಸಿ ಮಾಡಿದರು. 1 ಲಕ್ಷ ಸಸಿ. ನೆಟ್ಟವರಲ್ಲಿ ಸುಮಾರು 3,000 ಜನ ಊರಿನ ಸ್ವಯಂಸೇವಕರು, ಶಾಲೆ ಮಕ್ಕಳೂ ಸೇರಿ. ನಾನು ಹೋದ ದಿನವೂ ನಾಲ್ಕು ಮಕ್ಕಳು ಮಂಡಿಯೂರಿ ಕೂತು ಕಳೆ ಕೀಳುತ್ತಿದ್ದರು. ಒಬ್ಬಳು ಕಿತ್ತ ಬೇರನ್ನು ಎತ್ತಿ ಹಿಡಿದು ಉದ್ದ ಅಳೆಯುತ್ತಿದ್ದಳು, ಮೊಳಕೈಯಿಂದ ಬೆರಳ ತುದಿವರೆಗೆ ಬಂತು.

ಯಾರಿಗೆ ಎಷ್ಟು ಎಕರೆ

ನಿಜವಾದ ಜಗಳ ಶುರುವಾದದ್ದು ಇಲ್ಲಿ. ಜಾಗ 100 ಎಕರೆ, ಕೇಳುವವರು ಐದಾರು ಕಡೆಯವರು.

ಇತಿಹಾಸದವರು ಹೇಳಿದರು, ಇದು ದೇಶದ ವಿಮಾನ ಚರಿತ್ರೆಯ ಜಾಗ, 1920ರ ದಶಕದ ಹುಲ್ಲಿನ ವಿಮಾನ ಮೈದಾನ ಹೇಗಿತ್ತೋ ಹಾಗೆ ಇರಬೇಕು. ಪರಿಸರದವರು ಹೇಳಿದರು, ಅದಕ್ಕೂ ಮುಂಚೆ ಇದು ಜೌಗು, ಜೌಗು ವಾಪಸ್ ಬರಬೇಕು. ಗಾಳಿಪಟದಂಥ ಹಾಯಿ ಕಟ್ಟಿಕೊಂಡು ಅಲೆ ಮೇಲೆ ಜಾರುವವರ ಒಂದು ದಂಡು ಇತ್ತು. ಆ ಹಾಳು ಗಾಳಿ ಅವರ ಪಾಲಿಗೆ ದೇವರು ಕೊಟ್ಟ ವರ. ಹಾಯಿ ಬಿಚ್ಚಿ ಕಟ್ಟಲು ಹುಲ್ಲು, ಕಾರು ನಿಲ್ಲಿಸಲು ಜಾಗ ಬೇಕು ಅಂದರು. ನಾಯಿ ಸಾಕಿದವರಿಗೆ ಹಗ್ಗ ಬಿಚ್ಚಿ ಓಡಿಸುವ ದಂಡೆ ಬೇಕು. ವಾಕಿಂಗ್‌ನವರಿಗೆ ದಾರಿ ಬೇಕು, ಅವರು ನಮ್ಮ ಕಡೆಯವರು.

ನಕ್ಷೆ ಹಾಕಿದ ಹಾರ್ಗ್ರೀವ್ಸ್ ಸಂಸ್ಥೆಯವರು ಎಲ್ಲರಿಗೂ ಒಂದೊಂದು ಪಾಲು ಕೊಟ್ಟರು. ಹುಲ್ಲಿನ ವಿಮಾನ ಮೈದಾನಕ್ಕೆ 28 ಎಕರೆ. ದಂಡೆಗುಂಟ ಸುಮಾರು 2 ಕಿ.ಮೀ. ದಾರಿ. ಪೂರ್ವದ ತುದಿ ಹಾಯಿಯವರಿಗೆ. ಜೌಗಿಗೆ ಹೆಚ್ಚುಕಡಿಮೆ 18 ಎಕರೆ. ಆ 18 ಎಕರೆ ಮಾಡಲು ಅಗೆದ ಮಣ್ಣು 2 ಲಕ್ಷ 30 ಸಾವಿರ ಘನ ಗಜ. 85 ವರ್ಷದ ಹಿಂದೆ ತುಂಬಿದ್ದನ್ನೇ ಮತ್ತೆ ತೋಡಿದ್ದು. 1998ರಲ್ಲಿ ಕೆಲಸ ಶುರುವಾಯಿತು, 1999ರ ನವೆಂಬರ್‌ನಲ್ಲಿ ದಂಡೆ ಕತ್ತರಿಸಿ ಸಮುದ್ರದ ನೀರು ಒಳಗೆ ಬಿಟ್ಟರು. 2001ರ ಮೇ 6ರಂದು ಪಾರ್ಕ್ ಜನರಿಗೆ ತೆರೆಯಿತು.

ಹಂಚಿಕೆ ಚೆನ್ನಾಗಿದೆ ಅಲ್ವಾ? ಕಾಗದದ ಮೇಲೆ ಚೆನ್ನಾಗೇ ಇದೆ. ಎಲ್ಲರಿಗೂ ಸಮಾಧಾನ ಆಗುವಷ್ಟು ಸಿಕ್ಕಿತು. ಸಿಗದೇ ಇದ್ದದ್ದು ನೀರಿಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೌಗಿಗೂ ಸಮುದ್ರಕ್ಕೂ ನಡುವೆ ಒಂದು ಸಣ್ಣ ಬಾಯಿ ಇದೆ. ಕರಾವಳಿಯವರು ಅಳಿವೆ ಅನ್ನುತ್ತಾರಲ್ಲ, ಅಂಥದ್ದು. ದಂಡೆಗುಂಟ ಅಲೆ ಮರಳನ್ನು ತಳ್ಳಿಕೊಂಡು ಬರುತ್ತಲೇ ಇರುತ್ತದೆ, ಬಂದು ಬಾಯಿಗೆ ತುಂಬುತ್ತದೆ. ಆ ಮರಳನ್ನು ಹೊರಗೆ ಎಸೆಯಬೇಕಾದ್ದು ಇಳಿತದ ನೀರು. ಒಳಗೆ ಜೌಗು ದೊಡ್ಡದಿದ್ದರೆ ಉಬ್ಬರದಲ್ಲಿ ಜಾಸ್ತಿ ನೀರು ಒಳಗೆ ಬರುತ್ತದೆ. ಅಷ್ಟೂ ನೀರು ಇಳಿತದಲ್ಲಿ ಒಂದೇ ಬಾಯಿಂದ ಹೊರಗೆ ನುಗ್ಗುವಾಗ ಮರಳನ್ನು ಗುಡಿಸಿಕೊಂಡು ಹೋಗುತ್ತದೆ. ಜೌಗು ಚಿಕ್ಕದಾದರೆ ನೀರು ಕಡಿಮೆ, ಓಟ ಕಡಿಮೆ. ಮರಳು ಗೆಲ್ಲುತ್ತದೆ, ಬಾಯಿ ಮುಚ್ಚುತ್ತದೆ. ಒಳಗಿನ ನೀರು ನಿಂತ ನೀರಾಗುತ್ತದೆ.

ಬಾಯಿ ತನ್ನಷ್ಟಕ್ಕೆ ತೆರೆದಿರಬೇಕಾದರೆ ಜೌಗು 30 ಎಕರೆ ಆದರೂ ಬೇಕು ಅಂತ ನೀರಿನ ತಜ್ಞರ ಲೆಕ್ಕ ಇತ್ತು. ಅದು ಯೋಜನೆ ಮಾಡುವವರಿಗೂ ಗೊತ್ತಿತ್ತು. ಈಗ ಇಷ್ಟು ಮಾಡೋಣ, ಮುಂದೆ ಜಾಗ ಸಿಕ್ಕಾಗ ಹಿಗ್ಗಿಸೋಣ ಅಂದರು. ಆದದ್ದೇನು? ಪಾರ್ಕ್ ತೆರೆದ ಮೇಲೆ ಬಾಯಿ ಮತ್ತೆ ಮತ್ತೆ ಮುಚ್ಚಿತು. ಯಂತ್ರ ತಂದು ಮರಳು ಬಗೆದು ಬಾಯಿ ಬಿಡಿಸಬೇಕಾಯಿತು.

ಹೂಳು ಅಂದರೇನು ಅಂತ ತುಂಗಭದ್ರೆಯ ನೀರು ಕುಡಿಯುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ. ಕಾಲುವೆಯ ಕೊನೇ ಭಾಗದ ರೈತನನ್ನು ಕೇಳಿ, ಓಟ ಕಡಿಮೆಯಾದ ನೀರು ಏನು ಮಾಡುತ್ತದೆ ಅಂತ ಅವನು ಮಂಡಿವರೆಗೆ ಕೆಸರು ಮೆತ್ತಿದ ಕಾಲು ತೋರಿಸುತ್ತಾನೆ.

ನಾನು ಆ ಬಾಯಿಯ ಮೇಲಿನ ಮರದ ಕಾಲುಸೇತುವೆಯ ಮೇಲೆ ನಿಂತು ಸುಮಾರು ಹೊತ್ತು ನೋಡಿದೆ. ಇಳಿತದ ಹೊತ್ತು. ನೀರು ಹೊರಗೆ ಹೋಗುತ್ತಿತ್ತು, ಆದರೆ ಅವಸರವಿಲ್ಲದೆ, ಮದುವೆ ಮನೆಯಿಂದ ಊಟ ಮಾಡಿ ಹೊರಟವರ ಹಾಗೆ. ಕೆಳಗೆ ಮರಳಿನ ಒಂದು ದಿಬ್ಬ ಅರ್ಧ ಬಾಯಿಗೆ ಅಡ್ಡ ಕೂತಿತ್ತು. ಅದರ ಮೇಲೆ ಒಂದು ಬೆಳ್ಳಕ್ಕಿ ಜಾತಿಯ ಹಕ್ಕಿ ಒಂಟಿ ಕಾಲಲ್ಲಿ ನಿಂತಿತ್ತು. ನನಗೆ ನಮ್ಮ ಕೋಟೆ ಗುಡ್ಡದ ಕಥೆ ನೆನಪಾಯಿತು. ಹೈದರಾಲಿ ಫ್ರೆಂಚ್ ಇಂಜಿನಿಯರ್ ಒಬ್ಬನ ಕೈಲಿ ಕೋಟೆ ಬಲಪಡಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿಗಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ. ಅಲ್ಲಿ ಫಿರಂಗಿ ಇಟ್ಟರೆ ಕೋಟೆಯ ಗತಿ ಮುಗಿಯಿತು. ಇಂಜಿನಿಯರನ್ನು ನೇಣಿಗೆ ಹಾಕಿದ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಪಾಪ, ಗುಡ್ಡ ಆರಿಸಿದವನು ಅವನಾಗಿರಲಿಕ್ಕಿಲ್ಲ, ಅವನಿಗೆ ಕೊಟ್ಟದ್ದೇ ಆ ಗುಡ್ಡ. ಕ್ರಿಸ್ಸಿ ಫೀಲ್ಡಿನ ನಕ್ಷೆಯವರ ಮೇಲೂ ನನಗೆ ಅಂಥದ್ದೇ ಕನಿಕರ.

ಆಮೇಲೆ ಒಂದು ಒಳ್ಳೆಯದೂ ಆಯಿತು. ಪಾರ್ಕಿನ ಹಿಂದೆ 1936ರ ಕಾಲದ ಒಂದು ಎತ್ತರದ ಹೆದ್ದಾರಿ ಇತ್ತು. ಅದನ್ನು ಕೆಡವಿ ಸುರಂಗ ಸಮೇತ ಹೊಸ ರಸ್ತೆ ಮಾಡಿದರು. ಆ ರಸ್ತೆಯ ಕೆಳಗೆ ಪೈಪಿನಲ್ಲಿ ಹೂತುಹೋಗಿದ್ದ ಒಂದು ಹಳ್ಳವನ್ನು ಮತ್ತೆ ಬೆಳಕಿಗೆ ತಂದು, 2020ರಲ್ಲಿ ಜೌಗಿಗೆ ಜೋಡಿಸಿದರು. ಅದರಿಂದ ಸುಮಾರು 7 ಎಕರೆ ಕೂಡಿತು. 18ಕ್ಕೆ 7 ಸೇರಿಸಿ. 30ಕ್ಕೆ ಇನ್ನೂ 5 ಬಾಕಿ. 20 ವರ್ಷ ಹಿಡಿದದ್ದು ಆ 7 ಎಕರೆಗೆ. ಮೊದಲೇ ಕೊಟ್ಟಿದ್ದರೆ ಎಷ್ಟು ಸುಲಭ ಇತ್ತು ಅಂತ ಅನ್ನಿಸುವುದು ಸಹಜ. ಆದರೆ ಆಗ ಹಟ ಹಿಡಿದಿದ್ದರೆ 18 ಕೂಡ ಸಿಗುತ್ತಿತ್ತೋ ಇಲ್ಲವೋ. ಈ ವಿಷಯದಲ್ಲಿ ನನ್ನ ಮನಸ್ಸು ಇವತ್ತಿಗೂ ಆ ಕಡೆ ಈ ಕಡೆ ತೂಗುತ್ತದೆ.

ನಾಯಿ ಜಗಳ ಮಾತ್ರ ಬಗೆಹರಿಯಲಿಲ್ಲ. ದಂಡೆಯಲ್ಲಿ ಚಳಿಗಾಲ ಕಳೆಯುವ ಒಂದು ಪುಟ್ಟ ಹಕ್ಕಿ ಅಳಿವಿನ ಭಯ ಇರುವ ಜಾತಿಗಳ ಪಟ್ಟಿಯಲ್ಲಿದೆ. ನಾಯಿ ಓಡಿದರೆ ಅದಕ್ಕೆ ತೊಂದರೆ. ಹೊಸ ನಿಯಮ ತರಲು ವರ್ಷಗಟ್ಟಲೆ ಸಭೆ ನಡೆದು, 2017ರಲ್ಲಿ ಆ ಪ್ರಯತ್ನವನ್ನೇ ಕೈಬಿಟ್ಟರು. ಈಗಲೂ ದಂಡೆಯ ಒಂದು ತುದಿಯಲ್ಲಿ ಹಕ್ಕಿ ಬರುವ ತಿಂಗಳುಗಳಲ್ಲಿ ನಾಯಿಗೆ ಹಗ್ಗ ಕಟ್ಟಲೇಬೇಕು.

ನೆನಪಿನ ಕಟ್ಟಡ

ಒಂದು ವಿಷಯ ನನಗೆ ತುಂಬ ಹಿಡಿಸಿತು. ಹಳೇ ಶೆಡ್ಡುಗಳನ್ನು ಪೂರ್ತಿ ಕೆಡವಿಲ್ಲ. ಒಂದರಲ್ಲಿ ಚಹಾದಂಗಡಿ ಇದೆ, ನಾನು ಚಳಿಗೆ ಓಡಿಹೋಗಿ ಕೂತದ್ದು ಅಲ್ಲೇ. ಇನ್ನೊಂದು, 640 ನಂಬರಿನ ಕಟ್ಟಡ, ಹಿಂದೆ ವಿಮಾನದ ಶೆಡ್ಡು. 1941ರ ನವೆಂಬರ್‌ನಲ್ಲಿ ಅಲ್ಲಿ ಗುಟ್ಟಾಗಿ ಒಂದು ಶಾಲೆ ತೆರೆದರು. ಜಪಾನಿ ಮೂಲದ ಅಮೆರಿಕನ್ ಸೈನಿಕರಿಗೆ ಜಪಾನಿ ಭಾಷೆ ಕಲಿಸಿ ಬೇಹುಗಾರಿಕೆಗೆ ತಯಾರು ಮಾಡುವ ಶಾಲೆ. ಕೆಲವೇ ತಿಂಗಳಲ್ಲಿ, ಅದೇ ಪ್ರೆಸಿಡಿಯೊದ ಕಚೇರಿಯಿಂದ, ಅಂಥ ಸೈನಿಕರ ಅಪ್ಪ ಅಮ್ಮಂದಿರನ್ನೇ ಮನೆ ಬಿಡಿಸಿ ಕ್ಯಾಂಪಿಗೆ ಅಟ್ಟುವ ಆದೇಶ ಹೊರಟಿತು. ಈಗ ಆ ಶೆಡ್ಡಿನಲ್ಲಿ ಅದನ್ನೆಲ್ಲ ಹೇಳುವ ಒಂದು ಸಂಗ್ರಹಾಲಯ ಇದೆ.

ನಮ್ಮ ಬಳ್ಳಾರಿ ದಂಡಿಗೂ ಇಂಥ ನೆನಪು ಇದೆ. ಮೊದಲ ಮಹಾಯುದ್ಧದಲ್ಲಿ ತುರ್ಕಿ ಸೈನಿಕರನ್ನು ಹಿಡಿದು ತಂದು ಇಲ್ಲಿ ಇಟ್ಟಿದ್ದರು. 1921ರ ಮಲಬಾರ್ ದಂಗೆಯ ಕೈದಿಗಳನ್ನು ತಂದದ್ದೂ ಬಳ್ಳಾರಿ ಜೈಲಿಗೇ. ಪಾರ್ಕ್ ಆದರೆ ಒಂದು ಗೋಡೆಯ ಮೇಲಾದರೂ ಇದು ಇರಬೇಕು ಅನ್ನುವುದು ನನ್ನಾಸೆ. ಮೇಷ್ಟ್ರಿಗೆ ಒಪ್ಪಿಗೆಯಾದ ಒಂದೇ ವಿಷಯ ಇದು.

ದುಡ್ಡು

ಕ್ರಿಸ್ಸಿ ಫೀಲ್ಡಿಗೆ ತಗುಲಿದ್ದು ಸುಮಾರು 3 ಕೋಟಿ 44 ಲಕ್ಷ ಡಾಲರ್. ಅದರಲ್ಲಿ 1 ಕೋಟಿ 80 ಲಕ್ಷ ಕೊಟ್ಟದ್ದು ಹಾಸ್ ಕುಟುಂಬದ ದತ್ತಿ ನಿಧಿ. ಉಳಿದದ್ದರಲ್ಲಿ ಬಹಳಷ್ಟು ಊರವರ ದೇಣಿಗೆ. ಮಾಡುವ ದುಡ್ಡು ಹೇಗೋ ಬರುತ್ತದೆ. ನಡೆಸುವ ದುಡ್ಡು?

ಪ್ರೆಸಿಡಿಯೊದ ದಂಡೆ ಬಿಟ್ಟು ಒಳಭಾಗಕ್ಕೆ 1996ರಲ್ಲಿ ಒಂದು ಟ್ರಸ್ಟ್ ಮಾಡಿದರು. 2013ರೊಳಗೆ ಸರ್ಕಾರದ ವಾರ್ಷಿಕ ದುಡ್ಡಿಲ್ಲದೆ ನಿನ್ನ ಕಾಲ ಮೇಲೆ ನೀನು ನಿಲ್ಲಬೇಕು ಅಂತ ಕಾನೂನಿನಲ್ಲೇ ಬರೆದರು. ಟ್ರಸ್ಟ್‌ನವರು ಸೈನ್ಯದ ಹಳೇ ಮನೆ, ಕಚೇರಿಗಳನ್ನು ರಿಪೇರಿ ಮಾಡಿ ಬಾಡಿಗೆಗೆ ಬಿಟ್ಟರು. ಹಳೇ ಮಿಲಿಟರಿ ಆಸ್ಪತ್ರೆಯ ಜಾಗದಲ್ಲಿ 2005ರಲ್ಲಿ ಸಿನಿಮಾ ಕಂಪನಿಯೊಂದು ಬಂದು ಕೂತಿತು. ಗಡುವಿನೊಳಗೆ ಸ್ವಂತ ಕಾಲ ಮೇಲೆ ನಿಂತರು. ಆದರೆ ಉದ್ಯಾನದೊಳಗೆ ಬಾಡಿಗೆ ಮನೆ, ಆಫೀಸು ಅಂದರೆ ಅದು ಪಾರ್ಕೋ ಬಡಾವಣೆಯೋ ಅಂತ ಕೇಳಿದವರೂ ಇದ್ದರು. ಕೇಳಬೇಕಾದ ಪ್ರಶ್ನೆಯೇ ಅದು. 2022ರಲ್ಲಿ ಹೊಸ ರಸ್ತೆಯ ಸುರಂಗದ ನೆತ್ತಿ ಮೇಲೆ 14 ಎಕರೆಯ ಇನ್ನೊಂದು ಪಾರ್ಕ್ ತೆರೆಯಿತು. ಅದಕ್ಕೆ 11 ಕೋಟಿ 80 ಲಕ್ಷ ಡಾಲರ್. ಆ ಅಂಕಿ ಕೇಳಿ ನನ್ನ ತಲೆ ತಿರುಗಿತು, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ನಮ್ಮ ಬಡಾವಣೆಯ ಪಾರ್ಕಿನ ಕಥೆ ಹೇಳಿ ಮುಂದೆ ಹೋಗುತ್ತೇನೆ. ಟೇಪು ಕತ್ತರಿಸಿದ ದಿನ ಹುಲ್ಲು ಹಸಿರಿತ್ತು. ಬೋರಿನ ಕರೆಂಟ್ ಬಿಲ್ ಯಾರು ಕಟ್ಟಬೇಕು ಅಂತ ಯಾವ ಕಾಗದದಲ್ಲೂ ಇರಲಿಲ್ಲ. ಏಪ್ರಿಲ್‌ಗೆ ಹುಲ್ಲು ಹೋಯಿತು, ಮೇಗೆ ಮೋಟರ್ ಹೋಯಿತು. ಜೋಕಾಲಿಯ ಸರಪಳಿ ಮಾತ್ರ ಉಳಿದಿದೆ, ಗಾಳಿ ಬಂದಾಗ ಕಿರ್ ಅನ್ನುತ್ತದೆ.

ಮತ್ತೆ ನಮ್ಮ ಮನವಿ

ಈ ಬರಹದ ಮೊದಲ ಪ್ರತಿಯನ್ನು ಗುಂಪಿನಲ್ಲಿ ಓದಿದೆ. ಮಿರ್ಚಿ ತಣ್ಣಗಾಗುವವರೆಗೂ ಕೇಳಿದರು, ಅದೇ ದೊಡ್ಡದು. “ಹಂಗಾದ್ರೆ ನಾವು ಮೊದ್ಲು ಏನು ಕೇಳಬೇಕ್ರೀ?” ಅಂದರು ಮೇಷ್ಟ್ರು.

ಮೊದಲು ಜಾಗ ಯಾವ ರಿಜಿಸ್ಟರ್‌ನಲ್ಲಿದೆ ಅಂತ ಕೇಳಬೇಕು. ಕಂದಾಯದವರ ಪಹಣಿಯಲ್ಲಿ ಒಂದು ಬರೆದಿರುತ್ತದೆ. ರಕ್ಷಣಾ ಇಲಾಖೆಯ ಭೂಮಿಗೆ ಬೇರೆಯದೇ ರಿಜಿಸ್ಟರ್ ಇದೆ, ಕಂಟೋನ್ಮೆಂಟ್ ಹೊರಗಾದರೆ ಮಿಲಿಟರಿ ಲ್ಯಾಂಡ್ ರಿಜಿಸ್ಟರ್, ಒಳಗಾದರೆ ಜನರಲ್ ಲ್ಯಾಂಡ್ ರಿಜಿಸ್ಟರ್ ಅಂತ. ಅದರಲ್ಲಿ ಎ-1 ಅಂದರೆ ಸೈನ್ಯ ಈಗ ಬಳಸುತ್ತಿರುವ ಜಾಗ. ಎ-2 ಅಂದರೆ ಈಗ ಬಳಸದಿದ್ದರೂ ಖಾಲಿ ಉಳಿಯಲೇಬೇಕಾದ ಜಾಗ. ಆಮೇಲೆ ಬಿ, ಸಿ ಅಂತ ಇನ್ನೂ ಇವೆ. ಕರ್ನಾಟಕದಲ್ಲಿ ಈಗ ಕಂಟೋನ್ಮೆಂಟ್ ಬೋರ್ಡ್ ಉಳಿದಿರುವುದು ಬೆಳಗಾವಿಯಲ್ಲಿ ಮಾತ್ರ. 2023ರಲ್ಲಿ ಹಿಮಾಚಲದ ಯೋಲ್ ಕಂಟೋನ್ಮೆಂಟನ್ನೇ ಪಟ್ಟಿಯಿಂದ ತೆಗೆದರು. ಅಂದರೆ ಇಂಥ ಜಾಗ ಕೈ ಬದಲಾಯಿಸುವ ಕಾಲ ಇದು. ಕೈ ಬದಲಾಗುವ ಮೊದಲೇ 11ನೇ ಕಾಲಂನಲ್ಲಿ ನಮ್ಮ ಸಾಲು ಇರಬೇಕು, ಆಮೇಲೆ ಕೂಗಿದರೆ ಯಾರೂ ಕೇಳುವುದಿಲ್ಲ.

ಮಾರನೇ ಭಾನುವಾರ ಟೇಪ್ ಹಿಡಿದು ಹೋದೆವು. ಹದ್ದುಬಸ್ತು ಮಾಡುವ ಅಧಿಕಾರ ನಮಗಿಲ್ಲ, ಸುಮ್ನೆ ನಮ್ಮ ತಿಳಿವಳಿಕೆಗೆ. ಮೂರು ಮೂಲೆಯಲ್ಲಿ ಗಡಿ ಕಲ್ಲು ಸಿಕ್ಕವು, ಮಣ್ಣಲ್ಲಿ ಅರ್ಧ ಹೂತಿದ್ದವು. ಬಾಣದ ಗುರುತು, ಕೆಳಗೆ ನಂಬರ್. ನಾಲ್ಕನೆಯದು ಇಲ್ಲ. ಮುಳ್ಳು ತರಚಿಕೊಂಡು ಗಂಟೆಗಟ್ಟಲೆ ಹುಡುಕಿದೆವು. ಕೊನೆಗೆ ಪಕ್ಕದ ಓಣಿಯ ಒಂದು ಮನೆ ಮುಂದೆ ನೀರು ಕೇಳಲು ನಿಂತಾಗ ಕಣ್ಣಿಗೆ ಬಿತ್ತು. ನಲ್ಲಿ ಕೆಳಗೆ ಅಡ್ಡ ಮಲಗಿಸಿದ ಉದ್ದ ಕಲ್ಲು. ಮೇಲೆ ಸೋಪಿನ ನೊರೆ, ಒಂದು ಬದಿಗೆ ಬಾಣ.

“ಅಮ್ಮಾ, ಈ ಕಲ್ಲು ಎಲ್ಲಿಂದ ತಂದದ್ದು?”

ಅಜ್ಜಿ ಒಗೆಯುವುದು ನಿಲ್ಲಿಸಲಿಲ್ಲ. “ನಮ್ಮತ್ತಿ ಕಾಲದ್ದಪ್ಪ. ನಾನು ಲಗ್ನ ಆಗಿ ಬಂದಾಗ್ಲೇ ಇಲ್ಲೇ ಇತ್ತು.”

ಇದ್ದ ಕಡೆಯಿಂದ ಎತ್ತಿದ ಗಡಿ ಕಲ್ಲು ಬರೀ ಕಲ್ಲು. ಅದರಿಂದ ಒಂದು ಇಂಚೂ ಅಳೆಯಲು ಬರುವುದಿಲ್ಲ. ನಾನು ನಂಬರ್ ಬರೆದುಕೊಂಡೆ. ಅಜ್ಜಿ ಒಂದು ಚೊಂಬು ನೀರು ಕೊಟ್ಟರು, ಕುಡಿದು ಹೊರಟೆವು. ಮೇಷ್ಟ್ರು ಹೊಸ ಮನವಿ ಬರೆದಿದ್ದಾರೆ. ನಾನೂ ಸಹಿ ಹಾಕಿದ್ದೇನೆ. ಹಳೇ ನಕ್ಷೆಯ ನಕಲಿಗೆ ಅರ್ಜಿ ಕೊಟ್ಟಾಗಿದೆ, ಅದು ಬರುವವರೆಗೆ ‘ವಿಸ್ತೀರ್ಣ’ ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದೇವೆ.